ಸೀಸನ್ ಮುಗೀಲಿ, ನೋಡ್ಕೋತೀನಿ

ಯಾಗ್ಲಿಕಾಳನ್ನು ಕಂಡವರು ಮೊದಲು ಅವಳ ಕೈ ನೋಡುತ್ತಿದ್ದರು, ಆಮೇಲೆ ಮುಖ. ಮಣಿಕಟ್ಟು ಗಂಡಸಿನದು, ಅಂಗೈ ದೋಣಿಯ ಹುಟ್ಟಿನಷ್ಟು ಅಗಲ. ಆ ಕೈ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಆಕ್ಟೋಪಸ್ ಹಿಡಿಯುವವನು. ಹಿಡಿದದ್ದನ್ನು ಬಂಡೆಗೆ ನಲವತ್ತು ಸಲ ಬಡಿದರೆ ಮಾತ್ರ ಅದು ಮೆತ್ತಗಾಗಿ ಬೇಯುತ್ತದೆ, ಒಂದೆರಡು ಕಡಿಮೆಯಾದರೂ ರಬ್ಬರು ಅಗಿದ ಹಾಗೆ. ಆ ಬಡಿಯುವ ಕೆಲಸವನ್ನು ಏಳನೇ ವಯಸ್ಸಿಗೇ ಅವಳಿಗೆ ಹಚ್ಚಿದ. ಆಕ್ಟೋಪಸ್ಸಿಗೆ ಬೀಳುವ ಏಟನ್ನು ಅಪ್ಪ ಎಣಿಸುತ್ತಿದ್ದ. ಮಕ್ಕಳಿಗೆ ಬೀಳುವುದನ್ನು ಎಣಿಸುತ್ತಿರಲಿಲ್ಲ.

ಹದಿನೆಂಟಕ್ಕೆ ಮಾಶನ್‌ನನ್ನು ಮದುವೆಯಾದಳು. ಮದುವೆಯಾದ ಮೂರನೇ ತಿಂಗಳು ಅವನು ಉಪ್ಪು ಹೆಚ್ಚಾಯಿತೆಂದು ಅವಳ ಕೆನ್ನೆಗೆ ಬಾರಿಸಿದ. ಅವಳು ಅಂಗಳಕ್ಕೆ ಹೋಗಿ, ಹುಟ್ಟು ತಂದು, ಅವನ ಮೂಗಿಗೆ ಬೀಸಿದಳು. ಮೂಗು ಎಡಕ್ಕೆ ತಿರುಗಿದ್ದು ಮತ್ತೆ ನೆಟ್ಟಗಾಗಲೇ ಇಲ್ಲ. ಆಮೇಲೆ ಹದಿನಾಲ್ಕು ವರ್ಷ ಇಬ್ಬರೂ ಚೆನ್ನಾಗಿಯೇ ಬಾಳಿದರು. ಚೆನ್ನಾಗಿ ಎಂದರೆ ನಮ್ಮೂರು ಮಾಲಿಝಾಲ್‌ನ ಲೆಕ್ಕದಲ್ಲಿ.

ಮಾಶನ್ ಚಳಿಗಾಲದಲ್ಲಿ ಡೈನಮೈಟ್ ಎಸೆದು ಮೀನು ಹಿಡಿಯುತ್ತಿದ್ದ. ಮಾಂಟೆನೆಗ್ರೊ ಕರಾವಳಿಯಲ್ಲಿ ಅದನ್ನು ಮಾಡದ ಕೊಲ್ಲಿ ಆ ಕಾಲದಲ್ಲಿ ಯಾವುದಿತ್ತು? ಒಂದು ಫೆಬ್ರವರಿ ಬೆಳಗ್ಗೆ ಬತ್ತಿ ಗಿಡ್ಡವಾಯಿತು. ದೋಣಿ ಅರ್ಧ ಬಂತು. ಸಿಕ್ಕಷ್ಟು ಮಾಶನ್‌ನನ್ನು ಮೀನಿನ ಬುಟ್ಟಿಯಲ್ಲಿ ತುಂಬಿ ದಡಕ್ಕೆ ತಂದರು. ಬುಟ್ಟಿಯ ಒಂದು ಹಿಡಿಕೆ ಯಾಗ್ಲಿಕಾಳ ಕೈಯಲ್ಲಿತ್ತು, ಇನ್ನೊಂದು ಪಕ್ಕದ ಮನೆಯ ವುಕೋಟನ ಕೈಯಲ್ಲಿ. ಮಗ ಬ್ಲಾಝೊಗೆ ಆಗ ಹನ್ನೊಂದು. "ಈ ಹುಡುಗ ಇನ್ಮೇಲೆ ನನ್ನ ಮಗನೂ ಹೌದು ಕಣೇ" ಎಂದು ವುಕೋಟ ದಡದಲ್ಲಿ ಅಳುತ್ತಾ ಹೇಳಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಇಪ್ಪತ್ತೆಂಟು ವರ್ಷದ ನಂತರ ಅದೇ ಹುಡುಗನನ್ನು ಕೊಲ್ಲಲು ಬಂದೂಕು ಹಿಡಿದು ಬಂದವನೂ ಅವನೇ.

ನಮ್ಮೂರಿಗೆ ಒಂದು ಕಟ್ಟಳೆ ಉಂಟು. ಅದು ದೇವರು ಕೊಟ್ಟದ್ದಲ್ಲ, ಹೊಟ್ಟೆ ಕೊಟ್ಟದ್ದು. ಬಹಳ ಹಿಂದೆ ಒಂದು ಆಗಸ್ಟಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಸಮುದ್ರದ ದಡದಲ್ಲಿ, ಪ್ರವಾಸಿಗಳ ಎದುರೇ, ಚಾಕುವಿನಿಂದ ಒಬ್ಬರನ್ನೊಬ್ಬರು ಸೀಳಿಕೊಂಡರು. ಮರುದಿನ ಮಧ್ಯಾಹ್ನದೊಳಗೆ ಊರಿನ ಅಷ್ಟೂ ಕೋಣೆ ಖಾಲಿ. ಆ ಚಳಿಗಾಲ ಊರು ಸೊಪ್ಪು ಬೇಯಿಸಿಕೊಂಡು ತಿಂದಿತು. ವಸಂತ ಬರುವಷ್ಟರಲ್ಲಿ ಹಿರಿಯರು ಕೂತು ತೀರ್ಮಾನಿಸಿದರು: ಅತಿಥಿ ಇರುವ ಮನೆಯವರು ಯಾರ ಮೇಲೂ ಕೈ ಎತ್ತಬಾರದು, ಆ ಮನೆಯವರ ಮೇಲೂ ಯಾರೂ ಕೈ ಎತ್ತಬಾರದು. ಮುರಿದವನ ಮನೆಯನ್ನು ಊರೇ ಸೇರಿ ಕೆಡವುವುದು. ಒಂದು ಮನೆ ಕೆಡವಿದ್ದೂ ಆಯಿತು. ಅಲ್ಲಿಂದಾಚೆಗೆ ಚರ್ಚಿಗೆ ಹೋಗದವನೂ ಈ ಕಟ್ಟಳೆಗೆ ತಲೆಬಾಗುತ್ತಾನೆ.

ಹಾಗಾಗಿ ಬೇಸಿಗೆಯ ಜಗಳಗಳೆಲ್ಲ ಉಪ್ಪಿನಕಾಯಿ ಹಾಕಿಟ್ಟಂತೆ ಒಳಗೇ ಕೂರುತ್ತವೆ. ಜುಲೈನಲ್ಲಿ ನಗುನಗುತ್ತಾ ಹೇಳುವುದು ಒಂದೇ ಮಾತು: "ಸೀಸನ್ ಮುಗೀಲಿ, ನೋಡ್ಕೋತೀನಿ." ಏನೆಂದರು ಎಂದು ಅತಿಥಿಗಳು ಕೇಳಿದರೆ, ಶುಭ ಕೋರಿದರು ಎನ್ನುತ್ತೇವೆ. ನವೆಂಬರ್ ಎಂಟಕ್ಕೆ ಮಿತ್ರೋವ್ ದಿನ, ಸಂತ ದಿಮಿತ್ರಿಯ ಹಬ್ಬ. ಅವತ್ತು ಎಲ್ಲ ಮನೆಯವರೂ ಏಣಿ ಹಾಕಿ "ಕೋಣೆಗಳಿವೆ" ಬೋರ್ಡನ್ನು ಇಳಿಸುತ್ತಾರೆ. ಬೋರ್ಡು ಇರುವತನಕ ಬಂದು ಬಾಗಿಲು ತಟ್ಟಿದವರು ಯಾರಾದರೂ ಅತಿಥಿಯೇ, ಇಲ್ಲ ಎನ್ನುವ ಹಾಗಿಲ್ಲ. ಬೋರ್ಡು ಇಳಿದ ಮೇಲೆ ಏಪ್ರಿಲ್ ಕೊನೆಯವರೆಗೆ ಯಾರೂ ಯಾರಿಗೂ ಏನೂ ಅಲ್ಲ. ಪಟ್ಟಣದ ದಂತವೈದ್ಯರಿಗೆ ನಮ್ಮೂರಿನಿಂದ ಹೆಚ್ಚು ಕೆಲಸ ಸಿಗುವುದು ಆ ತಿಂಗಳುಗಳಲ್ಲೇ.

ಆ ವರ್ಷದ ಜಗಳ ಒಂದು ಗೋಡೆಯದು. ವುಕೋಟ ಮೇ ತಿಂಗಳಲ್ಲಿ ತನ್ನ ಜಗಲಿಯನ್ನು ಅಗಲ ಮಾಡಿ, ಯಾಗ್ಲಿಕಾಳ ಮನೆಯಿಂದ ಸಮುದ್ರಕ್ಕೆ ಇಳಿಯುವ ದಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಎಬ್ಬಿಸಿದ. ಅವಳ ಅತಿಥಿಗಳು ಸುತ್ತು ಹಾಕಿ, ಕಸದ ತೊಟ್ಟಿಗಳ ಪಕ್ಕದಲ್ಲಿ ನಡೆದು ನೀರಿಗೆ ಇಳಿಯಬೇಕಾಯಿತು. ಇಬ್ಬರು ಮಧ್ಯದಲ್ಲೇ ಕೋಣೆ ಬಿಟ್ಟು ಹೋದರು, ಹೋದದ್ದು ವುಕೋಟನ ಮನೆಗೇ. ಬ್ಲಾಝೊ ಬೇಸಿಗೆಯಿಡೀ ಹಲ್ಲು ಕಚ್ಚಿಕೊಂಡು ನಕ್ಕ. ನವೆಂಬರ್ ನಾಲ್ಕಕ್ಕೆ ಎರಡೂ ಮನೆಗಳ ಕೊನೆಯ ಅತಿಥಿಗಳು ಬಸ್ಸು ಹತ್ತಿದರು. ಬಸ್ಸು ತಿರುವು ದಾಟುವ ಮೊದಲೇ ಅವನು ದೊಡ್ಡ ಸುತ್ತಿಗೆ ತಂದು ಗೋಡೆ ಒಡೆಯತೊಡಗಿದ.

ವುಕೋಟನ ಕಿರಿಯ ಮಗ ತ್ರಿಪೊ ಓಡಿಬಂದ. ಅವನು ಇಪ್ಪತ್ತಾರರ ಯುವಕ, ಸೌಮ್ಯ, ಊರಿನ ಅಷ್ಟೂ ಮನೆಗಳ ವೈರಿಂಗ್ ಕೆಲಸ ಅವನದೇ. "ಬ್ಲಾಝೊ, ನಿಲ್ಸೋ, ಅಪ್ಪ ನೋಡಿದ್ರೆ ಸುಮ್ನಿರಲ್ಲ" ಎಂದು ಸುತ್ತಿಗೆಯ ಹಿಡಿಗೆ ಕೈ ಹಾಕಿದ. ಬ್ಲಾಝೊ ಅವನನ್ನು ಒದ್ದು ಬೀಳಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಎರಡು ಹಲ್ಲಿನಲ್ಲಿ ಮುಗಿಯುತ್ತಿತ್ತು. ಅವನಿಗೆ ಪಿತ್ತ ನೆತ್ತಿಗೇರಿತ್ತು. ಎದ್ದು ಬಂದವನ ಮುಖಕ್ಕೆ ಒಡೆದ ಕಲ್ಲಿನ ಚೂಪು ತುದಿಯಿಂದ ಹೊಡೆದ, ಮತ್ತೊಮ್ಮೆ ಹೊಡೆದ. ಯಾಗ್ಲಿಕಾ ಬಾಲ್ಕನಿಯಿಂದ ನೋಡುತ್ತಿದ್ದಳು. ತ್ರಿಪೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಂಡಿಯೂರಿದ. ಬೆರಳ ಸಂದಿಯಿಂದ ಇಳಿದದ್ದು ಬರೀ ರಕ್ತವಲ್ಲ ಎಂದು ಅಷ್ಟು ದೂರದಿಂದಲೂ ಅವಳಿಗೆ ತಿಳಿಯಿತು. ಜೀವಮಾನವಿಡೀ ಮೀನು ಸೀಳಿದವಳಿಗೆ ಕಣ್ಣು ಒಡೆದರೆ ಏನು ಬರುತ್ತದೆಂದು ಗೊತ್ತು.

ಕೆಳಗೆ ಬಂದು ಮಗನ ಕೊರಳಪಟ್ಟಿ ಹಿಡಿದಳು. "ಏನೋ ಮಾಡ್ದೆ, ಪಾಪಿ? ಆ ಹುಡುಗ ನಿಂಗೆ ಏನೋ ಮಾಡಿದ್ದ?"

"ಅಡ್ಡ ಬಂದ."

"ಅಡ್ಡ ಬಂದ್ನಾ? ನಿಮ್ಮಪ್ಪನ್ನ ಬುಟ್ಟಿಲಿ ಹೊತ್ತೋರ ಮಗ ಕಣೋ ಅವನು!"

ಬ್ಲಾಝೊ ಕೈ ಕೊಡವಿಕೊಂಡು ಒಳಗೆ ಹೋದ. ಸುತ್ತಿಗೆ ಗೋಡೆಯ ಮೇಲೇ ಬಿದ್ದಿತ್ತು.

ಮರುದಿನ ಬೆಳಗ್ಗೆ ಹತ್ತಕ್ಕೆ ವುಕೋಟ ಬಂದ. ಹೆಗಲ ಮೇಲೆ ಕಾಡುಹಂದಿ ಹೊಡೆಯುವ ಜೋಡಿ ನಳಿಗೆಯ ಬಂದೂಕು. ಗೇಟಿನಲ್ಲಿ ನಿಂತು ಕೂಗಿದ: "ಬ್ಲಾಝೊ! ಆಚೆ ಬಾ. ನಿಮ್ಮಮ್ಮನ ಎದುರು ಬೇಡ, ದಡಕ್ಕೆ ಬಾ." ಬ್ಲಾಝೊ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಿಜವಾಗಿಯೂ ಹೊರಟ. ಅವನಿಗೆ ಹೆದರಿಕೆ ಎಂಬುದನ್ನು ಯಾರೂ ಕಲಿಸಿರಲಿಲ್ಲ, ಅದು ಯಾಗ್ಲಿಕಾ ಮಾಡಿದ ತಪ್ಪು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಷ್ಟರಲ್ಲಿ ಅಂಜೂರದ ಮರದ ಕೆಳಗೆ ಬಸ್ಸು ನಿಂತಿತು. ನೀಲಿ ಚೀಲ ಹೊತ್ತ ಒಬ್ಬ ಉದ್ದನೆಯ ಬಿಳಿಚ ಮನುಷ್ಯ ಇಳಿದು, ಅವಳ ಬೋರ್ಡು ನೋಡಿ, ಬಂದೂಕಿನವನನ್ನು ದಾಟಿಕೊಂಡು ಗೇಟಿನ ಒಳಗೆ ಬಂದೇಬಿಟ್ಟ. ಹರುಕುಮುರುಕು ರಷ್ಯನ್ ಭಾಷೆಯಲ್ಲಿ, ಕೋಣೆ ಇದೆಯೇ ಎಂದ.

"ಇದೆ," ಎಂದಳು ಯಾಗ್ಲಿಕಾ. "ಇದೆಯಪ್ಪಾ, ಬಾ. ಊಟ ಮಾಡಿದ್ಯಾ?"

ವುಕೋಟನ ಕೈ ತಾನಾಗಿಯೇ ಕೆಳಗಿಳಿಯಿತು. ಬಂದೂಕನ್ನು ತೊಡೆಗೆ ಒತ್ತಿಕೊಂಡು, ನಲವತ್ತು ಬೇಸಿಗೆ ಮಾಡಿದ ಅಭ್ಯಾಸದಂತೆ ಹಲ್ಲು ಬಿಟ್ಟು, "ಸುಸ್ವಾಗತ" ಎಂದ. ಹಕ್ಕಿ ಬೇಟೆಗೋ ಎಂದು ಆ ಮನುಷ್ಯ ಕೇಳಿದ. "ಹೌದು, ಹಕ್ಕಿಗೇ," ಎಂದ ವುಕೋಟ, ಬ್ಲಾಝೊನನ್ನೇ ನೋಡುತ್ತಾ.

ಬಂದವನು ಉರ್ಮಸ್, ಎಸ್ಟೋನಿಯಾ ದೇಶದ ಔಷಧಿ ಅಂಗಡಿಯವನು. ಜನರಿಲ್ಲದ ಕಾಲದಲ್ಲಿ ಸಮುದ್ರ ನೋಡಬೇಕೆಂದು ಬಂದಿದ್ದ. ಮೂರು ದಿನಕ್ಕೆ ಬಂದವನನ್ನು ಯಾಗ್ಲಿಕಾ ಹತ್ತೊಂಬತ್ತು ದಿನ ಹಿಡಿದಿಟ್ಟಳು. ಹೊಗೆಯಾಡಿಸಿದ ಕುರಿಮಾಂಸ ಹಾಕಿ ಸೊಪ್ಪು ಬೇಯಿಸಿದಳು. ಬೆಳಗ್ಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆಗೆ ಜೇನು ಸುರಿದು ಕೊಟ್ಟಳು. ಸೀಸನ್ ದಾಟಿದ ಮೇಲೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ ಎಂದಳು. ಅವನು ಹೊರಡುತ್ತೇನೆ ಎಂದಾಗ ರಸ್ತೆಗೆ ಗುಡ್ಡ ಕುಸಿದಿದೆ ಎಂದಳು, ಇನ್ನೊಮ್ಮೆ ಚಾಲಕನಿಗೆ ಜ್ವರ ಎಂದಳು. ಮಿತ್ರೋವ್ ದಿನ ಎಲ್ಲರಂತೆ ಅವಳೂ ತನ್ನ ಬೋರ್ಡು ಇಳಿಸಿದಳು. ಒಳಗೆ ಅತಿಥಿ ಇರುವಾಗ ಬೋರ್ಡು ಇದ್ದರೇನು, ಇಲ್ಲದಿದ್ದರೇನು? ಅವನು ಇರುವವರೆಗೆ ಮಗ ಬದುಕಿರುತ್ತಾನೆ. ಅಷ್ಟೇ ಅವಳ ತಲೆಯಲ್ಲಿದ್ದದ್ದು.

"ಬ್ಲಾಝೊ, ನಿಂಗೆ ಕೈ ಮುಗಿತೀನಿ, ಎಲ್ಲಾದ್ರೂ ಹೋಗೋ. ಹಡಗಿನ ಕೆಲ್ಸ ಸಿಗುತ್ತೆ."

"ಓಡಿಹೋದ ಅನ್ನಿಸ್ಕೊಳ್ಳಾ?"

"ಸತ್ತ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಕಣೋ ಮೂರ್ಖ!"

"ನಿಂಗೆ ವಾಸಿ," ಎಂದು ಅವನು ಸಲಾಕೆ ಮಸೆಯುತ್ತಾ ಕುಳಿತ.

ಹನ್ನೆರಡನೇ ದಿನ ತ್ರಿಪೊ ಆಸ್ಪತ್ರೆಯಿಂದ ಬಂದ, ಅರ್ಧ ಮುಖಕ್ಕೆ ಬಟ್ಟೆ ಕಟ್ಟಿಕೊಂಡು. ಉರ್ಮಸ್ ಕೇಳಿದ್ದಕ್ಕೆ ಮೀನಿನ ಗಾಳ ತಾಗಿತೆಂದು ವುಕೋಟನೇ ಹೇಳಿದ. ಆಮೇಲೆ ಮೀನು ಕೊಡುವ ನೆಪದಲ್ಲಿ ಯಾಗ್ಲಿಕಾಳ ಅಡುಗೆಮನೆಗೆ ಬಂದು, ತಣ್ಣಗೆ ಹೇಳಿದ: "ನಿನ್ನ ಗೆಸ್ಟ್ ಹೋಗೋವರ್ಗೂ ಕಾಯ್ತೀನಿ. ಬಸ್ಸು ಹೊರಟ ತಕ್ಷಣ. ಹೊಡೆಯೋನು ನಾನಲ್ಲ, ತ್ರಿಪೊ. ಕಣ್ಣು ಹೋಗಿರೋದು ಅವಂದು, ಗುಂಡೂ ಅವಂದೇ ಆಗ್ಬೇಕು."

"ಅವನು ಇಲಿ ಹೊಡೆಯೋನೂ ಅಲ್ಲ, ವುಕೋಟ."

"ಕಲೀತಾನೆ. ಮೂರು ಹೆಜ್ಜೆ ದೂರದಿಂದ ಒಂಟಿಗಣ್ಣನೂ ತಪ್ಪಿಸಲ್ಲ."

ಅವಳು ಮೀನನ್ನು ಅವನ ಬೆನ್ನಿಗೇ ಎಸೆದಳು. ಆದರೆ ಬಾಗಿಲು ಮುಚ್ಚಿದ ಮೇಲೆ ನೆಲದ ಮೇಲೆ ಕುಳಿತಳು. ವುಕೋಟ ಹೇಳಿದ್ದರಲ್ಲಿ ಅನ್ಯಾಯ ಏನಿದೆ ಎಂದು ಅವಳಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ತನ್ನ ಮಗನ ಕಣ್ಣನ್ನು ಯಾರಾದರೂ ಹೀಗೆ ಕಿತ್ತಿದ್ದರೆ ಅವಳು ಅತಿಥಿ ಹೋಗುವವರೆಗೂ ಕಾಯುತ್ತಿದ್ದಳೋ ಇಲ್ಲವೋ.

ಹತ್ತೊಂಬತ್ತನೇ ದಿನ ಉರ್ಮಸ್ ತಾನೇ ರಸ್ತೆಗೆ ಹೋಗಿ ಬಸ್ಸು ನೋಡಿಕೊಂಡು ಬಂದ. ಇನ್ನು ಸುಳ್ಳು ನಡೆಯಲಿಲ್ಲ. ಹೊರಡುವ ಮುನ್ನ ಅತಿಥಿಗಳ ಪುಸ್ತಕದಲ್ಲಿ ಅರ್ಧ ಪುಟ ಬರೆದು ಓದಿ ಹೇಳಿದ: ಇಷ್ಟು ಶಾಂತವಾದ ಊರನ್ನು, ಇಷ್ಟು ಮೆಲುದನಿಯ ಜನರನ್ನು ತಾನು ಎಲ್ಲೂ ಕಂಡಿಲ್ಲ, ಇಲ್ಲಿ ಒಂದು ಬಾಗಿಲು ಜೋರಾಗಿ ಹಾಕಿಕೊಂಡ ಸದ್ದೂ ಕೇಳಲಿಲ್ಲ. ಯಾಗ್ಲಿಕಾಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವನ ಚೀಲವನ್ನು ಬಸ್ಸಿನವರೆಗೆ ಹೊತ್ತುಕೊಂಡು ಹೋಗಲು ವುಕೋಟ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ಅವಳು ಬಾಲ್ಕನಿಗೆ ಬಂದಳು. ಬಸ್ಸು ಇನ್ನೂ ಮರದ ಕೆಳಗಿತ್ತು. ತೆಂಕಣ ಗಾಳಿ ಎದ್ದಿತ್ತು. ಎದುರಿಗೆ ವುಕೋಟನ ಮನೆಯ ಗೋಡೆಗೆ ಏನೋ ಟಪ್ ಟಪ್ ಎಂದು ಬಡಿಯುತ್ತಿತ್ತು. ನೋಡಿದರೆ ಬೋರ್ಡು. "ಕೋಣೆಗಳಿವೆ". ಊರಿನ ಅಷ್ಟೂ ಬೋರ್ಡು ಇಳಿದು ಎರಡು ವಾರ ದಾಟಿದ್ದರೂ ಅದೊಂದು ಅಲ್ಲೇ ಇತ್ತು. ಪ್ರತಿ ವರ್ಷ ಏಣಿ ಹತ್ತಿ ಅದನ್ನು ಇಳಿಸುವವನು ತ್ರಿಪೊ. ಮಿತ್ರೋವ್ ದಿನ ಅವನು ಆಸ್ಪತ್ರೆಯಲ್ಲಿದ್ದ. ಮನೆಯವರು ಮರೆತಿದ್ದಾರೆ!

ಮಾಶನ್‌ನ ಹಳೆಯ ಸೂಟ್‌ಕೇಸಿಗೆ ಕೈಗೆ ಸಿಕ್ಕಿದ್ದು ತುಂಬಿದಳು. ಚರ್ಚಿಗೆ ಹಾಕುವ ಕಪ್ಪು ಕೋಟು ತೊಟ್ಟು, ಗುರುತಿನ ಚೀಟಿ ಹಿಡಿದು, ಬ್ಲಾಝೊ ಒಡೆದ ಗೋಡೆಯ ಕಿಂಡಿಯಿಂದಲೇ ದಾಟಿ ಹೋಗಿ ಬಾಗಿಲು ತಟ್ಟಿದಳು. ವುಕೋಟನ ಹೆಂಡತಿ ಸ್ತೋಯಾ ತೆರೆದಳು.

"ಒಂದು ಹಾಸಿಗೆ ಬೇಕು. ತಿಂಡಿ ಸಮೇತ."

"ಹುಚ್ಚು ಹಿಡೀತಾ, ಯಾಗ್ಲಿಕಕ್ಕಾ?"

"ನಿನ್ನ ಬೋರ್ಡು ಇದೆ. ನಾನು ತಟ್ಟಿದೀನಿ. ಇಲ್ಲ ಅಂತೀಯಾ? ಅನ್ನು, ಊರಿಗೇ ಕೇಳೋ ಹಾಗೆ ಅನ್ನು."

ಸ್ತೋಯಾ ಹೊರಗೆ ಬಂದು ತಲೆ ಎತ್ತಿ ನೋಡಿದಳು. ಶಿಲುಬೆಯ ಗುರುತು ಮಾಡಿಕೊಂಡು, ಒಳಗಿನಿಂದ ಅತಿಥಿಗಳ ಹೆಸರು ಬರೆಯುವ ಪುಸ್ತಕ ತಂದಳು. ಹೆಸರು, ತಂದೆಯ ಹೆಸರು, ಬಂದ ದಿನ. "ಹೋಗೋ ದಿನ?" ಎಂದು ಕೇಳಿದಳು.

"ಏಪ್ರಿಲ್ ಮೂವತ್ತು," ಎಂದಳು ಯಾಗ್ಲಿಕಾ. "ಸಕ್ಕರೆ ಕಡಿಮೆ ಹಾಕಿ ಒಂದು ಕಾಫಿ ಕೊಡು."

ಬಸ್ಸು ಕಳಿಸಿ ಬಂದ ವುಕೋಟ ನೇರ ಹಿತ್ತಲಿಗೆ ಹೋಗಿ ತ್ರಿಪೊನ ಕೈಗೆ ಬಂದೂಕು ಕೊಟ್ಟ. ಮಗನ ತೋಳು ಹಿಡಿದು ಜಗಲಿಗೆ ತಂದ. ಅಲ್ಲಿ ಯಾಗ್ಲಿಕಾ ಸೂಟ್‌ಕೇಸನ್ನು ಕಾಲ ಬಳಿ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದಳು, ಮೇಜಿನ ಮೇಲೆ ತೆರೆದ ಪುಸ್ತಕ. ಅರ್ಥವಾಗಲು ಅವನಿಗೆ ಅರೆಗಳಿಗೆ ಬೇಕಾಯಿತು. ಅರ್ಥವಾದದ್ದೇ ಕುರ್ಚಿ ಎತ್ತಿ ಗೋಡೆಗೆ ಅಪ್ಪಳಿಸಿದ. ಇನ್ನೊಂದನ್ನೂ ಅಪ್ಪಳಿಸಿದ. ಹೆಂಡತಿಯ ಕಡೆ ಕೈ ಬೀಸಿದವನು, ಅತಿಥಿ ನೋಡುತ್ತಿದ್ದಾಳೆಂದು ನೆನಪಾಗಿ, ಆ ಮುಷ್ಟಿಯನ್ನು ಬಾಗಿಲ ಚೌಕಟ್ಟಿಗೆ ಗುದ್ದಿ ಬೆರಳು ಮುರಿದುಕೊಂಡ.

"ಎದ್ದೇಳೇ, ಹಾದರಗಿತ್ತಿ! ನನ್ನ ಮನೇಲಿ ಬಂದು ಕೂತಿದೀಯಾ?"

"ಗೆಸ್ಟ್ ಜೊತೆ ಮಾತಾಡೋ ರೀತಿನಾ ಇದು?" ಎಂದಳು ಅವಳು. ಬಟ್ಟಲನ್ನು ಕೆಳಗಿಟ್ಟಳು.

ಆಗ ಬ್ಲಾಝೊ ಬಂದ. ಗದ್ದಲ ಕೇಳಿ, ಕಿಂಡಿ ದಾಟಿ, ಮಸೆದ ಸಲಾಕೆ ಹಿಡಿದು. "ಅಮ್ಮಾ! ಮರ್ಯಾದೆ ತೆಗೀತಿದೀಯಲ್ಲೇ! ಮನೆಗೆ ನಡಿ!" ಎನ್ನುತ್ತಾ ಅವಳ ರಟ್ಟೆಗೆ ಕೈ ಹಾಕಿದ. ವುಕೋಟ ಏನು ಮಾಡಬೇಕು? ಅತಿಥಿಯನ್ನು ಎಳೆದೊಯ್ಯಲು ಬಂದವನಿಗೆ ಅಡ್ಡ ನಿಲ್ಲಬೇಕು, ಕೈ ಎತ್ತುವ ಹಾಗೂ ಇಲ್ಲ. ಅವನು ಮುರಿದ ಬೆರಳಿನ ಕೈಯನ್ನು ಬೆನ್ನಿಗೆ ಕಟ್ಟಿ ಇಬ್ಬರ ನಡುವೆ ಎದೆಯೊಡ್ಡಿ ನಿಂತ. ಬ್ಲಾಝೊ ಸಲಾಕೆ ಎತ್ತಿದ.

ಯಾಗ್ಲಿಕಾ ಎದ್ದಳು. ವುಕೋಟನನ್ನು ಪಕ್ಕಕ್ಕೆ ನೂಕಿ, ಅಂಗೈ ಬಿಚ್ಚಿ, ಬಂಡೆಗೆ ಬಡಿದ ಹಾಗೆ ಮಗನ ಮುಖಕ್ಕೆ ಬಾರಿಸಿದಳು. ತಾಯಿ ಮಗನಿಗೆ ಕೊಡುವ ಪೆಟ್ಟಿಗೆ ಕಟ್ಟಳೆಯ ತಡೆ ಊರಲ್ಲಿ ಎಂದೂ ಇರಲಿಲ್ಲ. ಮತ್ತೊಂದು. ಮತ್ತೊಂದು. ತುಟಿ ಒಡೆಯಿತು, ಹಲ್ಲೊಂದು ಜಗಲಿಯ ಮೇಲೆ ಸಿಡಿಯಿತು, ಸಲಾಕೆ ಕೈಜಾರಿತು. ಅವನು ಹಿಮ್ಮೆಟ್ಟಿ ತಾನೇ ಒಡೆದ ಕಲ್ಲಿನ ರಾಶಿಯ ಮೇಲೆ ಬಿದ್ದ. ಅವಳು ಅಲ್ಲಿಗೂ ಹೋಗಿ ಹೊಡೆದಳು. ಅಳುತ್ತಾ ಹೊಡೆದಳು. ಹೊಡೆಯುತ್ತಿದ್ದದ್ದು ಅವನನ್ನೋ, ತನ್ನ ಅಪ್ಪನನ್ನೋ, ಗಿಡ್ಡ ಬತ್ತಿಯನ್ನೋ ಅವಳಿಗೇ ತಿಳಿಯಲಿಲ್ಲ. "ಬದ್ಕೋ! ಬದ್ಕೋ ಅಂದ್ರೆ ಬದ್ಕೋ, ದರಿದ್ರದವನೇ!"

ತಲೆ ಎತ್ತಿದಾಗ ಮೂರು ಹೆಜ್ಜೆ ದೂರದಲ್ಲಿ ತ್ರಿಪೊ ನಿಂತಿದ್ದ. ಬಂದೂಕಿನ ಎರಡೂ ನಳಿಗೆಯಲ್ಲಿ ಗುಂಡಿತ್ತು. ಬ್ಲಾಝೊ ಅಂಗಾತ ಬಿದ್ದಿದ್ದ.

"ಹೊಡಿ!" ಎಂದು ವುಕೋಟ ಚೀರಿದ. "ಹೊಡಿಯೋ, ಆಮೇಲೆ ಮನೆ ಹೋದ್ರೆ ಹೋಗ್ಲಿ!"

"ಗೆಸ್ಟ್ ಇದಾರಲ್ಲಪ್ಪಾ," ಎಂದ ತ್ರಿಪೊ. ಬಂದೂಕಿನ ನಳಿಗೆ ಬಾಗಿಸಿ ತೆರೆದು ಎರಡೂ ಗುಂಡು ಹೊರಗೆಳೆದು ಜೇಬಿಗೆ ಹಾಕಿಕೊಂಡ.

ಯಾಗ್ಲಿಕಾ ಆ ಚಳಿಗಾಲವಿಡೀ ವೈರಿಯ ಮನೆಯಲ್ಲಿ ಉಂಡಳು. ಹಿಂದಿನ ಕೋಣೆ, ಗೋಡೆಯೆಲ್ಲ ತೇವ. ವುಕೋಟ ಅವಳೊಂದಿಗೆ ಮಾತಾಡಲಿಲ್ಲ, ಆದರೆ ಕಟ್ಟಳೆಯಂತೆ ಬೆಳಗ್ಗೆ ತಿಂಡಿಯ ತಟ್ಟೆಯನ್ನು ತಾನೇ ತಂದು ಸದ್ದಾಗುವಂತೆ ಇಡುತ್ತಿದ್ದ. ಅವಳು ಅದಕ್ಕೆ ಉಪ್ಪು ಕಡಿಮೆಯೆಂದು ತಕರಾರು ತೆಗೆಯುತ್ತಿದ್ದಳು. ಬ್ಲಾಝೊ ಜನವರಿಯಲ್ಲಿ ಗೋಡೆಯ ಕಲ್ಲುಗಳನ್ನು ಮತ್ತೆ ಒಟ್ಟಿದ, ಸಮುದ್ರಕ್ಕೆ ಇಳಿಯುವ ದಾರಿ ಬಿಟ್ಟು. ಯಾರೂ ಹೇಳಿರಲಿಲ್ಲ, ಯಾರೂ ಭೇಷ್ ಎನ್ನಲೂ ಇಲ್ಲ. ತ್ರಿಪೊನ ಕಣ್ಣಿನ ಜಾಗಕ್ಕೆ ಗಾಜಿನದು ಬಂತು. ಅದು ಸ್ವಲ್ಪ ಬೇರೆ ಬಣ್ಣ. ಅದನ್ನು ನೋಡಿದಾಗಲೆಲ್ಲ ಯಾಗ್ಲಿಕಾ ಊಟದ ತಟ್ಟೆಯತ್ತ ಮುಖ ತಗ್ಗಿಸುತ್ತಿದ್ದಳು.

ಏಪ್ರಿಲ್ ಮೂವತ್ತಕ್ಕೆ ಸೂಟ್‌ಕೇಸ್ ಹಿಡಿದು ಹೊರಬಂದಳು. ನಾಳೆಯಿಂದ ಸೀಸನ್, ನವೆಂಬರ್‌ವರೆಗೆ ಮಗ ಕ್ಷೇಮ. ಬೋರ್ಡಿನ ಕೆಳಗೆ ಹಾಯುವಾಗ ಕೃತಜ್ಞತೆಯಿಂದ ತಲೆ ಎತ್ತಿದಳು. ಬೋರ್ಡಿನ ಹಳೆಯ ತುಕ್ಕುಹಿಡಿದ ಕೊಕ್ಕೆಗಳ ಮೇಲೆ ತಾಮ್ರದ ತಂತಿ ಸುತ್ತಿತ್ತು. ಕರೆಂಟಿನವರು ಬಳಸುವಂಥದ್ದು. ಮೇಲಿನ ಎರಡು ಮೂಲೆಗೂ ಆರಾರು ಸುತ್ತು, ತುದಿಯನ್ನು ಇಕ್ಕಳದಿಂದ ಬಿಗಿದದ್ದು.

ತ್ರಿಪೊ ಅಂಗಳದಲ್ಲಿ ಕುರ್ಚಿಗಳಿಗೆ ಬಣ್ಣ ಬಳಿಯುತ್ತಿದ್ದ.

"ಇದನ್ನ ಯಾವಾಗ ಕಟ್ಟಿದ್ದೋ?"

ಅವನು ಕುಂಚ ನಿಲ್ಲಿಸಲಿಲ್ಲ. "ಆಸ್ಪತ್ರೆಯಿಂದ ಬಂದ ದಿನ, ಅತ್ತೆ. ಅಪ್ಪ ಇಳಿಸು ಅಂದ. ಏಣಿ ಹತ್ತಿದೆ. ಒಂದು ಕಣ್ಣಲ್ಲಿ ಕೊಕ್ಕೆ ಕಾಣಲ್ಲ, ನಾಳೆ ಇಳಿಸ್ತೀನಿ ಅಂದೆ."

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ. ಯಾರಾದ್ರೂ ಬರ್ಲಿ ಅಂತಿದ್ದೆ. ಯಾರಾದ್ರೂ ಒಬ್ರು ಬಂದ್ರೆ ಸಾಕಿತ್ತು ನಂಗೆ."

ಅವಳು ಆರು ತಿಂಗಳು ತಾನು ಮಗನನ್ನು ಕಾಯುತ್ತಿದ್ದೇನೆಂದು ಬೀಗಿದ್ದಳು. ಹೊಡೆಯಲಾರದ ಇವನನ್ನೂ ಕಾಯುತ್ತಿದ್ದೆನೆಂದು ಈಗ ಗೊತ್ತಾಯಿತು. ಆ ದೊಡ್ಡ ಕೈಯನ್ನು ಅವನ ತಲೆಯ ಮೇಲೆ ಇಡಲು ಹೋಗಿ, ಅವನ ಕಣ್ಣು ತೆಗೆದದ್ದು ತನ್ನ ಮನೆಯ ಕೈಯೇ ಎಂದು ನೆನಪಾಗಿ, ಹಿಂದಕ್ಕೆ ಎಳೆದುಕೊಂಡಳು. ಅವನೇ ಆ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡು ಕಿಂಡಿಯವರೆಗೆ ಹೊತ್ತು ತಂದ.

ಆ ವರ್ಷ ಮಿತ್ರೋವ್ ದಿನ ಮೋಡ ಮುಚ್ಚಿತ್ತು. ಊರಿನ ತುಂಬ ಏಣಿಗಳು, ಬೋರ್ಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ಕೆಳಗೆ ಮೀನು ತಕ್ಕಡಿಯ ಬಳಿ ಯಾರೋ ಇಬ್ಬರು ಆಗಲೇ ಶುರುಮಾಡಿದ್ದರು, ಒಬ್ಬನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಯಾಗ್ಲಿಕಾ ಬಾಲ್ಕನಿಯ ಕಂಬಿ ಹಿಡಿದು ಎದುರು ಮನೆಯನ್ನೇ ನೋಡುತ್ತಿದ್ದಳು. ವುಕೋಟ ಏಣಿಯ ಬುಡ ಹಿಡಿದು ನಿಂತಿದ್ದ. ತ್ರಿಪೊ ಹತ್ತಿದ. ಬಾಯಲ್ಲಿ ತಂತಿಯ ಸುರುಳಿ ಕಚ್ಚಿಕೊಂಡಿದ್ದ, ಕೈಯಲ್ಲಿ ಇಕ್ಕಳ. ಬೋರ್ಡಿನ ಮೂಲೆಗಳನ್ನು ಒಂದೊಂದಾಗಿ ಬಿಗಿದು, ಒಮ್ಮೆ ಅಲ್ಲಾಡಿಸಿ ನೋಡಿ, ಇಳಿದ. ವುಕೋಟ ಅದನ್ನು ನೋಡಿದ. ಏಣಿ ಹೊತ್ತುಕೊಂಡು ಹಿತ್ತಲಿಗೆ ಹೋದ.

ಅವಳು ಒಳಗೆ ಬಂದು ಮಂಚದಡಿಯಿಂದ ಸೂಟ್‌ಕೇಸ್ ಎಳೆದಳು.

"ಮತ್ತೆ ಹೊರಟ್ಯಾ?" ಎಂದ ಬ್ಲಾಝೊ, ಹಲ್ಲೊಂದು ಹೋದ ಬಾಯಿಂದ.

"ಹೂಂ. ಈ ಸಲ ಸಮುದ್ರದ ಕಡೆ ಕೋಣೆ ಕೊಡ್ಲಿಲ್ಲ ಅಂದ್ರೆ ಆ ವುಕೋಟನ ಗ್ರಹಚಾರ ಬಿಡಿಸ್ತೀನಿ," ಎಂದು ಅವಳು ಕಪ್ಪು ಕೋಟಿನ ಗುಂಡಿ ಹಾಕಿಕೊಂಡಳು.